ಮಂಗಳದವರೆಗೆ

ಸಂಗೀತ ಕಚೇರಿಗೆ ಹೋಗುವವರಲ್ಲಿ ಎರಡು ಪಂಗಡಗಳಿವೆ. ಮಂಗಳ ಹಾಡುವವರೆಗೂ ಅಲುಗಾಡದೆ ಕುಳಿತಿರುವವರದು ಒಂದು. ಅದಕ್ಕೆ ಮುಂಚೆಯೇ ಎದ್ದು ಚಪ್ಪಲಿ ಹುಡುಕುವವರದು ಇನ್ನೊಂದು. ಈ ಎರಡನೆಯ ಪಂಗಡದವರನ್ನು ರಸಿಕರೆಂದು ಒಪ್ಪಲು ನಾನು ಬಹುಕಾಲ ಸಿದ್ಧನಿರಲಿಲ್ಲ. ಆದರೆ ನನ್ನ ತಂದೆಯವರೇ ಆ ಪಂಗಡಕ್ಕೆ ಸೇರಿದವರೆಂಬುದು ನೆನಪಾದಾಗಲೆಲ್ಲ ನನ್ನ ಟೀಕೆ ಗಂಟಲಲ್ಲಿಯೇ ಉಳಿಯುತ್ತಿತ್ತು.

ನಮ್ಮ ಊರು ಅರಸೀಕೆರೆ. ತಂದೆಯವರು ಶಾಲೆಯ ಮೇಷ್ಟರಾಗಿದ್ದು ನಿವೃತ್ತರಾದವರು. ವರ್ಷಕ್ಕೊಮ್ಮೆ, ರಾಮನವಮಿಯ ದಿನಗಳಲ್ಲಿ ಒಂದು ಭಾನುವಾರ, ಒಬ್ಬರೇ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಶ್ರೀರಾಮಸೇವಾ ಮಂಡಲಿಯ ಕಚೇರಿ ಕೇಳಿ, ರಾತ್ರಿಯ ರೈಲಿನಲ್ಲಿಯೇ ಹಿಂದಿರುಗುವುದು ಅವರು ಮೂವತ್ತು ವರ್ಷ ನಡೆಸಿಕೊಂಡು ಬಂದ ವ್ರತ. ಅದು ಶಾಲೆಗಳಲ್ಲಿ ಪರೀಕ್ಷೆಯ ಕಾಲ. ಸೋಮವಾರ ಬೆಳಗ್ಗೆ ಗಂಟೆ ಬಾರಿಸುವ ಹೊತ್ತಿಗೆ ಅವರು ಶಾಲೆಯಲ್ಲಿ ಇರಲೇಬೇಕು. ಆದ್ದರಿಂದ ಕಚೇರಿ ತುಂಬಿ ಹರಿಯುತ್ತಿರುವಾಗಲೇ ಏಳಬೇಕು. “ವರ್ಣಗಳನ್ನು ಮೂವತ್ತು ಕೇಳಿದ್ದೇನೆ, ಮಂಗಳ ಒಂದನ್ನೂ ಕೇಳಿಲ್ಲ” ಎಂದು ಅವರು ನಗುತ್ತಿದ್ದರು. ನಿವೃತ್ತರಾದ ಮೇಲೆ ಬಿಡುವು ದೊರೆಯಿತು. ಆದರೆ ಮಂಡಿಗಳು ಮುಷ್ಕರ ಹೂಡಿದವು. ವ್ರತವೂ ನಿಂತುಹೋಯಿತು.

ಈ ಸಲ ನಾನು ಹೊರಟುನಿಂತಾಗ ಅವರು ಹೇಳಿದ್ದು ಒಂದೇ ಮಾತು: “ನೀನಾದರೂ ಪೂರ್ತಿ ಕೇಳಿಕೊಂಡು ಬಾರೋ.”

ನಮ್ಮ ಮನೆಯಾಕೆಗೆ ಈ ಪ್ರಯಾಣದ ಔಚಿತ್ಯವೇ ಅರ್ಥವಾಗಲಿಲ್ಲ. “ಅದೇ ವಿದ್ವಾಂಸರು, ಅದೇ ಹಾಡು, ನಿಮ್ಮ ಜೇಬಿನ ಮೊಬೈಲಿನಲ್ಲೇ ಇದೆಯಲ್ಲ!” ಎಂದಳು. ಕಾಲೇಜಿನಲ್ಲಿ ಹುಡುಗರಿಗೆ ಕಾವ್ಯಮೀಮಾಂಸೆ ಬೋಧಿಸುವ ನನಗೆ ಆ ಗಳಿಗೆಯಲ್ಲಿ ಒಂದು ಸರಿಯಾದ ಉತ್ತರ ಹೊಳೆಯಲಿಲ್ಲ. ಬುತ್ತಿಯ ಡಬ್ಬಿ, ನೀರಿನ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಟ್ಟೆ. ಉತ್ತರವನ್ನು ದಾರಿಯಲ್ಲಿ ಹುಡುಕಿದರಾಯಿತು ಎಂದುಕೊಂಡೆ.

ಒಂಟಿ ಪ್ರಯಾಣದಲ್ಲಿ ಒಂದು ಸುಖವಿದೆ. ಯಾರಿಗೂ ಕಿಟಕಿಯ ಪಕ್ಕದ ಸ್ಥಳ ಬಿಟ್ಟುಕೊಡಬೇಕಾಗಿಲ್ಲ. ತಿಪಟೂರಿನ ತೆಂಗಿನ ತೋಟಗಳು ಸರಿದುಹೋದವು. ಗುಬ್ಬಿ ಬಂದಾಗ, 1884ರಲ್ಲಿ ಅಲ್ಲಿ ಹುಟ್ಟಿ ವೀರಣ್ಣನವರ ಕೈಯಲ್ಲಿ ನಾಡನ್ನೆಲ್ಲ ಸುತ್ತಿದ ನಾಟಕ ಕಂಪನಿಯ ನೆನಪಾಯಿತು. ಅಂದು ಕಲೆಯೇ ಡೇರೆ ಕಟ್ಟಿಕೊಂಡು ನಮ್ಮಂಥ ಊರುಗಳಿಗೆ ಬರುತ್ತಿತ್ತು. ಇಂದು ನಾವು ಟಿಕೀಟು ಕೊಂಡು ಅದರ ಬಳಿಗೆ ಹೋಗುತ್ತಿದ್ದೇವೆ. ತುಮಕೂರು ದಾಟಿದ ಮೇಲೆ ಹೊಲಗಳು ಕಡಿಮೆಯಾಗಿ ಗೋಡೆಗಳು ಹೆಚ್ಚಾದವು. ಬೆಂಗಳೂರು ಎಲ್ಲಿ ಆರಂಭವಾಗುತ್ತದೆಂದು ಈಗ ಬೆರಳಿಟ್ಟು ತೋರಿಸುವುದು ಕಷ್ಟ.

ಮೆಜೆಸ್ಟಿಕ್ಕಿನಲ್ಲಿ ನೆಲದೊಳಕ್ಕೆ ಇಳಿದು ಮೆಟ್ರೋ ಹತ್ತಿದರೆ ಚಿಕ್ಕಪೇಟೆಯ ನಂತರದ ನಿಲ್ದಾಣವೇ ಕೃಷ್ಣರಾಜೇಂದ್ರ ಮಾರುಕಟ್ಟೆ. ಮೇಲೆ ಬಂದರೆ ಹೂವಿನ ವಾಸನೆ, ಬಸ್ಸುಗಳ ಗರ್ಜನೆ, ಎರಡೂ ಒಮ್ಮೆಗೇ ಎದುರಾಗುತ್ತವೆ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರಾಲಿ 1761ರಲ್ಲಿ ಕಲ್ಲಿನದಾಗಿ ಮಾಡಿಸತೊಡಗಿದ್ದು ಈ ಪ್ರದೇಶದಲ್ಲಿಯೇ. ಈಗ ಆ ಕೋಟೆಯಲ್ಲಿ ಉಳಿದಿರುವುದು ಒಂದು ಹೆಬ್ಬಾಗಿಲು ಮತ್ತು ಅದರ ಆಸುಪಾಸಿನ ಗೋಡೆ ಮಾತ್ರ. ಸಮೀಪದಲ್ಲಿ, 1791ರಲ್ಲಿ ಮುಗಿದ ಟಿಪ್ಪುವಿನ ಮರದ ಅರಮನೆ; ಅದರ ಮಗ್ಗುಲಿಗೇ, ಚಿಕ್ಕದೇವರಾಜ ಒಡೆಯರ ಕಾಲದ ಕೋಟೆ ವೆಂಕಟರಮಣ ದೇವಾಲಯ. ಕಚೇರಿಗೆ ಇನ್ನೂ ಹೊತ್ತಿದ್ದುದರಿಂದ ಎರಡನ್ನೂ ನೋಡಿದೆ. 1892ರಲ್ಲಿ ಬಡಾವಣೆಯಾಗಿ ರೂಪುಗೊಂಡ ಚಾಮರಾಜಪೇಟೆಯ ರಸ್ತೆಗಳಲ್ಲಿ ಅಲೆದು, 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಕಟ್ಟಡಕ್ಕೆ ಹೊರಗಿನಿಂದಲೇ ಒಂದು ನಮಸ್ಕಾರ ಹಾಕಿದೆ. ಕನ್ನಡ ಮೇಷ್ಟರೊಬ್ಬರು ಆ ಬೀದಿಗೆ ಬಂದು ಅಷ್ಟನ್ನೂ ಮಾಡದೆ ಹೋಗಬಾರದಷ್ಟೆ.

ರಾಮನವಮಿಗೂ ಸಂಗೀತಕ್ಕೂ ನಮ್ಮಲ್ಲಿ ಇರುವ ನಂಟು ಹಳೆಯದು. ರಾಮನನ್ನೇ ಉಸಿರಾಗಿಸಿಕೊಂಡಿದ್ದ ತ್ಯಾಗರಾಜರ ಕೃತಿಗಳಿಲ್ಲದೆ ಕರ್ನಾಟಕ ಸಂಗೀತದ ಕಚೇರಿಯೇ ಇಲ್ಲವೆನ್ನಬಹುದು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ರಾಮಮಂದಿರವನ್ನೇ ಕಟ್ಟಿಸಿ ಅಲ್ಲಿ ಸಂಗೀತಸೇವೆ ನಡೆಸಿದರು. ಬೆಂಗಳೂರಿನಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶ್ರೀರಾಮಸೇವಾ ಮಂಡಲಿಯನ್ನು ಆರಂಭಿಸಿದರು. ಪೇಟೆಯ ಒಂದು ಹಬ್ಬವಾಗಿ ಮೊದಲಾದದ್ದು ಒಂದು ತಿಂಗಳ ಸಂಗೀತೋತ್ಸವವಾಗಿ ಬೆಳೆಯಿತು. ಎಂ. ಎಸ್. ಸುಬ್ಬುಲಕ್ಷ್ಮಿ, ಶೆಮ್ಮಂಗುಡಿ ಶ್ರೀನಿವಾಸಯ್ಯರ್ ಮೊದಲಾದ ಮಹನೀಯರು ಇಲ್ಲಿ ಹಾಡಿದ್ದಾರೆ. ಈ ಸಂಗೀತಕ್ಕೆ ಕಲ್ಲಿನ ಸಭಾಂಗಣವಿಲ್ಲ. ಶಾಲೆಯ ಮೈದಾನದಲ್ಲಿ ಒಂದು ಚಪ್ಪರ. ಟಿಕೀಟಿಗೆ ದುಡ್ಡಿಲ್ಲದವರು ರಸ್ತೆಯಂಚಿನಲ್ಲಿ ನಿಂತು ಕೇಳುತ್ತಿದ್ದರಂತೆ. ತಂದೆಯವರೂ ಮೊದಲ ಒಂದೆರಡು ವರ್ಷ ಆ ಸಾಲಿನಲ್ಲಿದ್ದವರೇ. “ಇಲ್ಲಿ ಮೃದಂಗದ ಜತೆಗೆ ಸಿಟಿ ಬಸ್ಸಿನ ಹಾರನ್ನೂ ಒಂದು ಪಕ್ಕವಾದ್ಯ” ಎಂದು ಅವರು ವರ್ಣಿಸುತ್ತಿದ್ದುದು ಅಕ್ಷರಶಃ ನಿಜ.

ನನ್ನ ಪಕ್ಕದ ಕುರ್ಚಿಯಲ್ಲಿ ಒಬ್ಬ ವೃದ್ಧರು ಬಂದು ಕುಳಿತರು. ಕುಳಿತೊಡನೆಯೇ ಅವರ ಬಲಗೈ ತೊಡೆಯ ಮೇಲೆ ತಾಳಕ್ಕೆ ಸಿದ್ಧವಾಯಿತು. “ಯಾವೂರು?” ಎಂದರು. ಹೇಳಿದೆ. “ಅರಸೀಕೆರೆಯಿಂದ ಇದಕ್ಕಾಗಿ ಬಂದಿರಾ?” ಎಂದು ಕನ್ನಡಕ ಸರಿಪಡಿಸಿಕೊಂಡು ನನ್ನನ್ನು ನೋಡಿದರು. ಅಲ್ಲಿಂದ ಮುಂದೆ ನಾನು ಒಂಟಿಯಾಗಿರಲಿಲ್ಲ.

ಆರೂವರೆಗೆ ವರ್ಣದಿಂದ ಕಚೇರಿ ಆರಂಭವಾಯಿತು. ಗಾಯಕಿ ಇನ್ನೂ ಮಧ್ಯವಯಸ್ಸು ಮುಟ್ಟದವರು. ಪಿಟೀಲು, ಮೃದಂಗ, ಘಟಗಳ ಪಕ್ಕವಾದ್ಯ. ವರ್ಣದಲ್ಲಿ ಕಂಠಕ್ಕೆ ಕಾವು, ಬಳಿಕ ಚಿಕ್ಕ ಚೊಕ್ಕ ಕೃತಿಗಳು, ನಡುವೆ ವಿಸ್ತಾರವಾದ ಒಂದು ಪ್ರಧಾನ ಕೃತಿ, ಅನಂತರ ತನಿ ಆವರ್ತನ, ಕೊನೆಯಲ್ಲಿ ದೇವರನಾಮ ಮುಂತಾದ ಲಘು ರಚನೆಗಳು, ಮಂಗಳ: ಇಂದು ನಾವು ಕೇಳುವ ಈ ಕ್ರಮವನ್ನು ಬಳಕೆಗೆ ತಂದವರು ಅರಿಯಕುಡಿ ರಾಮಾನುಜ ಅಯ್ಯಂಗಾರರೆಂದು ಹೇಳುತ್ತಾರೆ. ನಮ್ಮ ಮನೆಯ ಊಟದ ಎಲೆಗೆ ಇರುವಂತೆಯೇ ಇದಕ್ಕೂ ಒಂದು ವಿವೇಕವಿದೆ. ಉಪ್ಪು, ಕೋಸಂಬರಿಯಿಂದ ತೊಡಗಿ ಮಜ್ಜಿಗೆಯನ್ನದಲ್ಲಿ ಮುಗಿದರೇ ಊಟ ಸಂಪೂರ್ಣ. ಪಾಯಸ ಉಂಡೊಡನೆ ಎದ್ದುಹೋದವನಿಗೆ ಹಸಿವು ಹಿಂಗಿರಬಹುದು, ಔತಣ ಮುಗಿದಿರುವುದಿಲ್ಲ.

ಎಂಟು ಗಂಟೆಯ ಸುಮಾರಿಗೆ ಗಾಯಕಿ ಖರಹರಪ್ರಿಯ ರಾಗವನ್ನು ಎತ್ತಿಕೊಂಡರು. ಸಾವಕಾಶವಾಗಿ, ಮನೆಯೊಂದರ ಕೋಣೆಗಳಲ್ಲಿ ಒಂದಾದ ಮೇಲೊಂದರಂತೆ ದೀಪ ಹಚ್ಚುತ್ತ ಹೋಗುವವರ ಹಾಗೆ, ಅದನ್ನು ಬೆಳೆಸಿದರು. ಬಳಿಕ ತ್ಯಾಗರಾಜರ ‘ಪಕ್ಕಲ ನಿಲಬಡಿ’. ರಾಮನ ಇಕ್ಕೆಲಗಳಲ್ಲಿ ನಿಂತು ಸೇವಿಸುವ ಭಾಗ್ಯದ ಸವಿಯೇನೆಂದು ಸೀತೆ ಲಕ್ಷ್ಮಣರನ್ನು ಕೇಳುವ ಕೃತಿ ಅದು. ಮಿಶ್ರಛಾಪು ತಾಳದ ಮೂರು ನಾಲ್ಕರ ನಡಿಗೆಗೆ ಚಪ್ಪರದಲ್ಲಿದ್ದ ಕೈಗಳೆಲ್ಲ ಒಂದಾಗಿ ಬೀಳುತ್ತಿದ್ದವು. ಗಾಯಕಿ ಒಂದು ಕಡೆ ಸ್ವರವನ್ನು ಹಿಡಿದು ನಿಲ್ಲಿಸಿದಾಗ ನಮಗಾರಿಗೂ ಉಸಿರಾಡಲು ಮನಸ್ಸಾಗಲಿಲ್ಲ. ಅದನ್ನು ಬಿಟ್ಟಾಗ ಎಲ್ಲರ ಬಾಯಿಂದಲೂ ಒಟ್ಟಿಗೆ ‘ಆಹಾ’ ಹೊರಟಿತು. ಮನೆಯಾಕೆಗೆ ಹೇಳಬೇಕಾಗಿದ್ದ ಉತ್ತರ ಆಗ ದೊರೆಯಿತು. ಜೇಬಿನಲ್ಲಿ ಹಾಡು ಇದೆ, ನಿಜ. ಈ ‘ಆಹಾ’ ಇಲ್ಲ.

ಕೃತಿ ಮುಗಿದು ತನಿ ಆವರ್ತನ ಆರಂಭವಾದಾಗ ಗಡಿಯಾರ ನೋಡಿದೆ. ಒಂಬತ್ತಕ್ಕೆ ಐದು ನಿಮಿಷ. ನನಗೆ ಸ್ಥಳ ಕಾಯ್ದಿರಿಸಿದ್ದ ರೈಲು ಒಂಬತ್ತೂವರೆಯ ಮೇಲೆ ನಿಲ್ಲುವಂತಿರಲಿಲ್ಲ. ಸೋಮವಾರ ಬೆಳಗ್ಗೆ ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ ನನ್ನ ಪಾಲಿಗಿತ್ತು. ತಂದೆಯವರಿಗೆ ಕೊಟ್ಟ ಮಾತು ಮನಸ್ಸಿನಲ್ಲಿದ್ದರೂ ಕಾಲುಗಳು ಆ ರೈಲಿನ ಪಕ್ಷ ವಹಿಸಿದವು. ಚೀಲವೆತ್ತಿಕೊಂಡೆ.

“ತನಿಗೆ ಏಳಬೇಡಿ ಸ್ವಾಮಿ,” ಎಂದರು ಪಕ್ಕದ ವೃದ್ಧರು, ತಾಳ ಬಿಡದೆ. “ಇಷ್ಟು ಹೊತ್ತೂ ಆತ ಇನ್ನೊಬ್ಬರ ಹಾಡಿಗೆ ಬಾರಿಸಿದ. ಈಗ ಆತನ ಸರದಿ ಬಂತು ಅನ್ನುವಾಗ ಎಲ್ಲರೂ ಕಾಫಿಗೆ ಏಳುತ್ತಾರೆ.”

ಲಜ್ಜೆಯಿಂದ, “ರೈಲಿದೆ” ಎಂದೆ. ಸಾಲಿನವರ ಮಂಡಿಗಳನ್ನು ತಪ್ಪಿಸಿಕೊಂಡು, ಅವರ ಅಸಹನೆಯ ನೋಟಗಳನ್ನು ಎದುರಿಸಿಕೊಂಡು, ಚಪ್ಪರದ ಬಾಗಿಲಿಗೆ ಬಂದೆ. ಅಲ್ಲಿಂದ ಇಪ್ಪತ್ತು ಹೆಜ್ಜೆ ಹಾಕಿದೆನೋ ಇಲ್ಲವೋ, ಮೃದಂಗದ ನಾದ ತೆಳುವಾಯಿತು. ಇನ್ನೂ ಇಪ್ಪತ್ತು ಹೆಜ್ಜೆ. ಘಟದ ಧ್ವನಿಯನ್ನು ಬಸ್ಸೊಂದು ನುಂಗಿತು. ಗೇಟಿನ ಬಳಿ ಕೇಳಿಸಿದ್ದು ಮಾರುಕಟ್ಟೆಯ ಗದ್ದಲ ಮಾತ್ರ.

ಅಲ್ಲಿಯೇ ನಿಂತುಬಿಟ್ಟೆ. ಮೂವತ್ತು ವರ್ಷ, ಮೂವತ್ತು ಸಲ, ಇದೇ ಹೆಜ್ಜೆಗಳನ್ನು ಒಬ್ಬರು ಇಟ್ಟಿದ್ದರು. ಒಂದೊಂದು ಹೆಜ್ಜೆಗೂ ಸಂಗೀತ ಹೀಗೆಯೇ ಸಣ್ಣದಾಗುತ್ತ ಹೋದದ್ದನ್ನು ಕೇಳಿಕೊಂಡು ಅವರು ರೈಲಿನ ಕಡೆಗೆ ನಡೆದಿದ್ದರು. ಮನೆಗೆ ಬಂದು ನಗುತ್ತ ಹೇಳಿದ ಆ ಒಂದು ಮಾತಿನ ಹಿಂದೆ ಎಷ್ಟು ಇತ್ತೆಂಬುದು ನನಗೆ ಆವರೆಗೆ ತಿಳಿದಿರಲಿಲ್ಲ. ಮಂಗಳಕ್ಕೆ ಮುಂಚೆ ಏಳುವವರೆಲ್ಲ ಅರಸಿಕರೆಂದುಕೊಂಡಿದ್ದೆನಲ್ಲ! ಅವರಲ್ಲಿ ಎಷ್ಟು ಮಂದಿಗೆ ಶಾಲೆಯ ಗಂಟೆಯೋ, ಕಾರ್ಖಾನೆಯ ಪಾಳಿಯೋ, ಮನೆಯಲ್ಲಿ ಮಲಗಿರುವ ರೋಗಿಯೋ ಕಾದಿರುತ್ತದೆ! ಕುಳಿತು ಕೇಳುವವರಷ್ಟೇ ಅಲ್ಲ, ಏಳಲಾರದೆ ಎದ್ದು ಹೋಗುವವರೂ ರಸಿಕರೇ.

ನನ್ನ ತೊಂದರೆ ಅವರದರಷ್ಟು ದೊಡ್ಡದಾಗಿರಲಿಲ್ಲ. ರೈಲು ಹೋದರೆ ತುಮಕೂರು, ತಿಪಟೂರು, ಅರಸೀಕೆರೆ ಮಾರ್ಗವಾಗಿ ಶಿವಮೊಗ್ಗಕ್ಕೆ ಹೋಗುವ ಬಸ್ಸುಗಳಿವೆ. ನಷ್ಟವೆಂದರೆ ಒಂದು ಟಿಕೀಟು ಮತ್ತು ಒಂದು ರಾತ್ರಿಯ ನಿದ್ದೆ. ತಿರುಗಿ ನಡೆದೆ. ನನ್ನ ಸ್ಥಳದಲ್ಲಿ ಬೇರೆ ಯಾರೋ ಕುಳಿತಿದ್ದರು. ಹಿಂದೆ, ಚಪ್ಪರದ ಕಂಬವೊಂದಕ್ಕೆ ಒರಗಿ ನಿಂತೆ. ತನಿಯ ಕೊನೆಯ ಮುಕ್ತಾಯ ಆಗತಾನೆ ಬೀಳುತ್ತಿತ್ತು. ಸಭಿಕರ ಚೀಟಿಗಳು ಒಂದೊಂದಾಗಿ ವೇದಿಕೆಗೆ ಹೋದವು. ಗಾಯಕಿ ಒಂದನ್ನು ಬಿಡಿಸಿ ನೋಡಿ ನಕ್ಕು, ಪುರಂದರದಾಸರ ದೇವರನಾಮವೊಂದನ್ನು ಹಾಡಿದರು. ಮೊಮ್ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದ ಒಬ್ಬ ಅಜ್ಜಿ ತುಟಿಯಲ್ಲಿಯೇ ಜತೆಗೂಡಿದರು. ಬಳಿಕ, ಕಚೇರಿಯ ದೋಷಗಳೇನಾದರೂ ಇದ್ದರೆ ಪರಿಹಾರವಾಗಲೆಂದು ಕೊನೆಯಲ್ಲಿ ಹಾಡುವ ವಾಡಿಕೆಯಿರುವ ಮಧ್ಯಮಾವತಿ. ಅದಾದ ಮೇಲೆ ಸೌರಾಷ್ಟ್ರ ರಾಗದಲ್ಲಿ ಮಂಗಳ. ಎಲ್ಲವೂ ಸೇರಿ ಎರಡು ನಿಮಿಷವೂ ಆಗಿರಲಾರದು. ಅದರಲ್ಲಿ ವಿದ್ವತ್ತಿನ ಪ್ರದರ್ಶನವಿಲ್ಲ, ಬೆರಗಿಲ್ಲ. ಹೊಸಿಲಿನವರೆಗೆ ಬಂದು “ಹೋಗಿಬನ್ನಿ” ಎನ್ನುವ ಮನೆಯವರ ಮಾತಿನ ಹಾಗೆ ಅದು. ಆ ಮಾತು ಕೇಳದೆ ಬಂದರೂ ಅತಿಥಿ ಅತಿಥಿಯೇ. ಆದರೆ ಕೇಳಿಬಂದವನ ಮನಸ್ಸಿಗೆ ಒಂದು ನೆಮ್ಮದಿ.

ಮೆಜೆಸ್ಟಿಕ್ಕಿನಲ್ಲಿ ದೊರೆತ ಬಸ್ಸಿನ ಕೊನೆಯ ಸಾಲಿನಲ್ಲಿ ಎಲುಬುಗಳನ್ನೆಲ್ಲ ಎಣಿಸಿಕೊಳ್ಳುತ್ತ ಊರು ಸೇರಿದಾಗ ರಾತ್ರಿ ಮೂರು ಗಂಟೆ. ನಡುಮನೆಯಲ್ಲಿ ದೀಪವಿತ್ತು. ತಂದೆಯವರು ಆರಾಮ ಕುರ್ಚಿಯಲ್ಲಿ ಎಚ್ಚರವಾಗಿಯೇ ಇದ್ದರು.

“ರೈಲು ತಪ್ಪಿತೇನೋ?”

“ತಪ್ಪಿಸಿಕೊಂಡೆ, ಅಪ್ಪ.”

ಅವರಿಗೆ ಅರ್ಥವಾಯಿತು. “ಎಲ್ಲಿ, ಹೇಳು ನೋಡೋಣ” ಎಂದರು. ನನಗೆ ತಿಳಿದ ಮಟ್ಟಿಗೆ ಮಂಗಳದ ಎರಡು ಸಾಲುಗಳನ್ನು ಗುನುಗಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಶ್ರುತಿ ಬಿಟ್ಟೆ ಕಣೋ” ಎಂದರು ಆಮೇಲೆ. ಕೋಲೂರಿ ಎದ್ದು, ದೀಪ ಆರಿಸಲು ನಡೆಯುತ್ತ, ತಮಗೆ ತಾವೇ ಎಂಬಂತೆ ಇನ್ನೊಂದು ಮಾತು ಸೇರಿಸಿದರು: “ಇರಲಿ, ಪೂರ್ತಿಯಾಯಿತಲ್ಲ.”