ಉಪನ್ಯಾಸದ ವಿಡಿಯೊ: ನೋಡುವವರ ಮೊಬೈಲಿಗೆ ತಕ್ಕ ಸೆಟ್ಟಿಂಗ್

ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹಸ್ತಾಂತರಗೊಂಡು, ಮುಂದೆ ‘ಅರಿವು ಕೇಂದ್ರ’ಗಳೆಂದು ಹೆಸರಾದವು. ಇಂತಹ ಕೇಂದ್ರದಲ್ಲಾಗಲಿ, ಪಂಚಾಯತಿ ಸಭಾಂಗಣದಲ್ಲಾಗಲಿ ಏರ್ಪಡುವ ಉಪನ್ಯಾಸಕ್ಕೆ ಬರುವವರು ಹಗಲಿನಲ್ಲಿ ಬಿಡುವಿದ್ದವರು ಮಾತ್ರ. ಹೊಲದ ಕೂಲಿಗೆ ಹೋದ ಮಹಿಳೆಯರು, ಶಹಾಬಾದಿನ ಕಲ್ಲುಗಣಿಯ ಕಾರ್ಮಿಕರು, ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆಗಳಿಗೆ ದುಡಿಯಲು ಹೋದವರು ಆ ಹೊತ್ತಿನಲ್ಲಿ ಅಲ್ಲಿರುವುದಿಲ್ಲ. ವಿಡಿಯೊ ಚಿತ್ರೀಕರಣದ ಅಗತ್ಯವಿರುವುದು ಇವರಿಗಾಗಿ. ಆದ್ದರಿಂದ ಅದರ ಸೆಟ್ಟಿಂಗ್‌ಗಳನ್ನು ಕ್ಯಾಮೆರಾದ ಸಾಮರ್ಥ್ಯ ನೋಡಿ ಅಲ್ಲ, ಇವರ ಕೈಯಲ್ಲಿರುವ ಮೊಬೈಲು ಮತ್ತು ಡೇಟಾ ಪ್ಯಾಕ್ ನೋಡಿ ನಿಶ್ಚಯಿಸತಕ್ಕದ್ದು.

ಲೆಕ್ಕ ಸರಳವಾಗಿದೆ. ಪ್ರತಿ ಸೆಕೆಂಡಿಗೆ 1 ಮೆಗಾಬಿಟ್ ದರದ ವಿಡಿಯೊ ಒಂದು ಗಂಟೆಗೆ 450 ಎಂ.ಬಿ. ಆಗುತ್ತದೆ. ಹಲವು ಮೊಬೈಲುಗಳು 1080 ಗೆರೆಗಳ ಚಿತ್ರವನ್ನು ಸುಮಾರು 17 ಮೆಗಾಬಿಟ್ ದರದಲ್ಲಿ ಮುದ್ರಿಸುತ್ತವೆ. ಅಂದರೆ ಒಂದು ಗಂಟೆಯ ಉಪನ್ಯಾಸಕ್ಕೆ ಏಳೂವರೆ ಜಿ.ಬಿ.ಗೂ ಹೆಚ್ಚು. ಸೆಕೆಂಡಿಗೆ 2 ಮೆಗಾಬಿಟ್ ಕಳುಹಿಸಬಲ್ಲ ಸಂಪರ್ಕದಲ್ಲಿ ಅದನ್ನು ಯೂಟ್ಯೂಬಿಗೆ ಏರಿಸಲು ಎಂಟೂವರೆ ಗಂಟೆ ಬೇಕು. ಪೆನ್ ಡ್ರೈವಿಗೆ ಹಾಕೋಣವೆಂದರೆ, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರುವ ಡ್ರೈವು 4 ಜಿ.ಬಿ. ಮೀರಿದ ಕಡತವನ್ನು ಸ್ವೀಕರಿಸುವುದೇ ಇಲ್ಲ. ಅದೇ ಉಪನ್ಯಾಸವನ್ನು 720 ಗೆರೆಗಳಿಗೆ ಇಳಿಸಿ, ಚಿತ್ರ ಮತ್ತು ಧ್ವನಿ ಸೇರಿ 1.6 ಮೆಗಾಬಿಟ್ ದರದಲ್ಲಿ ಸಿದ್ಧಪಡಿಸಿದರೆ 720 ಎಂ.ಬಿ. ಆಗುತ್ತದೆ ಮತ್ತು 48 ನಿಮಿಷದಲ್ಲಿ ಏರುತ್ತದೆ. ಆರು ಇಂಚಿನ ಪರದೆಯಲ್ಲಿ ನೋಡುವವರಿಗೆ ಇವೆರಡರ ವ್ಯತ್ಯಾಸ ತಿಳಿಯುವುದು ಕಷ್ಟ.

ಧ್ವನಿಯೇ ಮೊದಲು

ಚಿತ್ರ ಮಸುಕಾದರೂ ಕೇಳುಗರು ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಎರಡನೇ ನಿಮಿಷಕ್ಕೆ ಬಿಟ್ಟುಬಿಡುತ್ತಾರೆ. ಅದಕ್ಕಿಂತ ಕೆಟ್ಟದ್ದು, ತಪ್ಪಾಗಿ ಕೇಳಿಸಿಕೊಳ್ಳುವುದು. 2022ರ ಮುಂಗಾರು ಹಂಗಾಮಿನಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ವ್ಯಾಪಕವಾಗಿ ತಗುಲಿದ್ದು ಸದಸ್ಯರಿಗೆ ನೆನಪಿರಬಹುದು. ಬೀಜೋಪಚಾರದ ಬಗ್ಗೆ ವಿಜ್ಞಾನಿಯೊಬ್ಬರು ಹೇಳಿದ ‘ನಾಲ್ಕು ಗ್ರಾಂ’ ಎಂಬುದು ವಿಡಿಯೊದಲ್ಲಿ ‘ಹದಿನಾಲ್ಕು ಗ್ರಾಂ’ ಎಂದು ಕೇಳಿಸಿದರೆ, ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ರೈತರಿಗೆ ಪ್ರಯೋಜನವಿಲ್ಲ.

ನಮ್ಮ ಭಾಗದ ಕಟ್ಟಡಗಳಿಗೆ ಒಂದು ವಿಶೇಷ ತೊಂದರೆಯಿದೆ. ನೆಲಕ್ಕೆ ಶಹಾಬಾದ್ ಪರ್ಸಿ, ಕೆಲವೆಡೆ ಮಾಡಿಗೂ ಅದೇ ಕಲ್ಲು. ನಯವಾದ ಕಲ್ಲು ಧ್ವನಿಯನ್ನು ಹೀರದೆ ಹಿಂದಿರುಗಿಸುವುದರಿಂದ ಒಂದು ಪದದ ಬಾಲ ಮುಂದಿನ ಪದದ ಮೇಲೆ ಬೀಳುತ್ತದೆ. ಎದುರಿಗೆ ಕುಳಿತವರಿಗೆ ಇದು ಅಷ್ಟಾಗಿ ಬಾಧಿಸುವುದಿಲ್ಲ. ಕಿವಿ ಎರಡಿರುವುದರಿಂದ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಕೋಣೆಯ ಹಿಂಬದಿಯಲ್ಲಿಟ್ಟ ಮೊಬೈಲಿಗೆ ಆ ವಿವೇಚನೆಯಿಲ್ಲ. ನೆಲಕ್ಕೆ ಜಮಖಾನ ಹಾಸಿ, ಕಿಟಕಿಗಳಿಗೆ ದಪ್ಪ ಬಟ್ಟೆ ಕಟ್ಟಿದರೆ ಅರ್ಧ ತೊಂದರೆ ನೀಗುತ್ತದೆ. ಉಳಿದರ್ಧಕ್ಕೆ ಮೈಕನ್ನು ಬಾಯಿಯ ಹತ್ತಿರ ತರಬೇಕು. ದೂರ ನಾಲ್ಕು ಪಟ್ಟಾದರೆ ನೇರವಾಗಿ ತಲುಪುವ ಧ್ವನಿಶಕ್ತಿ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪ್ರತಿಧ್ವನಿ ಮಾತ್ರ ಹಾಗೆಯೇ ಉಳಿಯುತ್ತದೆ. ವಾಡಿ ಜಂಕ್ಷನ್ ಸುತ್ತಲಿನ ಗ್ರಾಮಗಳಲ್ಲಿ ರೈಲು ಮತ್ತು ಸಿಮೆಂಟ್ ಲಾರಿಗಳ ಸದ್ದಿಗೂ ಇದೇ ಪರಿಹಾರ. ಕಾಲರ್ ಮೈಕ್ ಇಲ್ಲವಾದರೆ ಮತ್ತೊಂದು ಮೊಬೈಲಿನಲ್ಲಿ ಧ್ವನಿಮುದ್ರಣ ಆರಂಭಿಸಿ ಉಪನ್ಯಾಸಕರ ಮೇಲಂಗಿಯ ಜೇಬಿನಲ್ಲಿ ಇರಿಸಬಹುದು. ಮೊದಲಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ, ಸಂಕಲನದ ವೇಳೆ ಚಿತ್ರಕ್ಕೂ ಧ್ವನಿಗೂ ತಾಳೆ ಹಾಕಲು ಗುರುತು ಸಿಗುತ್ತದೆ. ಎರಡೂ ಮೊಬೈಲುಗಳು ಫ್ಲೈಟ್ ಮೋಡ್‌ನಲ್ಲಿರಲಿ. ನಡುವೆ ಕರೆ ಬಂದು ಮುದ್ರಣ ನಿಂತರೆ ಅದು ಯಾರ ಗಮನಕ್ಕೂ ಬರುವುದಿಲ್ಲ.

ಚಿತ್ರೀಕರಣದ ವೇಳೆ

ಪ್ರಕಟಿಸುವುದು 720 ಗೆರೆಗಳಲ್ಲಾದರೂ ಚಿತ್ರೀಕರಣವನ್ನು 1080ರಲ್ಲಿ ಮಾಡುವುದು ಸೂಕ್ತ. ನಂತರ ಕಪ್ಪು ಹಲಗೆಯ ಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಲು ಅವಕಾಶವಿರುತ್ತದೆ. 4ಕೆ ಬೇಡ. ಸೆಕೆಂಡಿಗೆ 60 ಚಿತ್ರಗಳೂ ಬೇಡ. ನಿಂತು ಮಾತನಾಡುವವರಿಗೆ 25 ಅಥವಾ 30 ಸಾಕು. ಮೊಬೈಲನ್ನು ಅಡ್ಡಲಾಗಿ ಸ್ಟ್ಯಾಂಡಿನ ಮೇಲೆ ಇರಿಸಬೇಕು.

ಟ್ಯೂಬ್‌ಲೈಟಿನ ಕೆಳಗೆ ತೆಗೆದ ವಿಡಿಯೊದಲ್ಲಿ ಪಟ್ಟೆಗಳು ಏರಿಳಿಯುವುದು ಮೊಬೈಲಿನ ದೋಷವಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ದೀಪ ಸೆಕೆಂಡಿಗೆ ನೂರು ಬಾರಿ ಮಿನುಗುತ್ತದೆ. ಸೆಟ್ಟಿಂಗ್‌ನಲ್ಲಿ 50 ಹರ್ಟ್ಸ್ ಆಯ್ಕೆಯಿದ್ದರೆ ಅದನ್ನೂ, ‘ಪ್ರೊ’ ವಿಧಾನವಿದ್ದರೆ 1/50 ಶಟರ್ ವೇಗವನ್ನೂ ಆರಿಸಿದರೆ ಪಟ್ಟೆಗಳು ಮಾಯವಾಗುತ್ತವೆ. ಸೇಡಂ ತಾಲ್ಲೂಕಿನ ಮಳಖೇಡದ ಕೋಟೆಯಲ್ಲಿ ರಾಷ್ಟ್ರಕೂಟರ ಕುರಿತ ಉಪನ್ಯಾಸವನ್ನು ಬಯಲಿನಲ್ಲಿ ತೆಗೆಯುವುದಾದರೆ ತೊಂದರೆ ಬೇರೆ: ಹಿಂದೆ ಬೆಳಗುವ ಆಕಾಶವಿದ್ದರೆ ಮುಖ ಕಪ್ಪಾಗುತ್ತದೆ. ಉಪನ್ಯಾಸಕರನ್ನು ಗೋಡೆಯ ನೆರಳಿನಲ್ಲಿ ನಿಲ್ಲಿಸಿ, ಪರದೆಯಲ್ಲಿ ಅವರ ಮುಖದ ಮೇಲೆ ಬೆರಳನ್ನು ಒತ್ತಿ ಹಿಡಿದು ಬೆಳಕು ಮತ್ತು ಫೋಕಸ್ಸನ್ನು ಲಾಕ್ ಮಾಡುವುದು.

ಕಡತವನ್ನು ಕುಗ್ಗಿಸುವ ತಂತ್ರಾಂಶವು ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಏನು ಬದಲಾಯಿತೋ ಅದನ್ನು ಮಾತ್ರ ಬರೆದಿಡುತ್ತದೆ. ಹಿಂಬದಿಯಲ್ಲಿ ತಿರುಗುವ ಫ್ಯಾನು, ಅಲುಗಾಡುವ ಫ್ಲೆಕ್ಸ್, ಓಡಾಡುವ ಜನ ಇದ್ದರೆ ಕಡಿಮೆ ದರದ ಬಹುಪಾಲು ಅದಕ್ಕೇ ವ್ಯಯವಾಗಿ ಉಪನ್ಯಾಸಕರ ಮುಖ ಚೌಕಚೌಕವಾಗುತ್ತದೆ. ಬರಿಯ ಗೋಡೆಯೇ ಉತ್ತಮ ಹಿನ್ನೆಲೆ. ಅತಿಥಿಗಳ ಭಾವಚಿತ್ರವಿರುವ ಫ್ಲೆಕ್ಸನ್ನು ಬಾಗಿಲ ಹೊರಗೆ ಕಟ್ಟಿದರೂ ಗೌರವಕ್ಕೆ ಕುಂದಿಲ್ಲ.

ಕನ್ನಡ ಅಕ್ಷರದ ಅಳತೆ

ಡೇಟಾ ಉಳಿಸಲು 144 ಗೆರೆಗಳಲ್ಲಿ ನೋಡುವವರಿದ್ದಾರೆ. ಆ ಮಟ್ಟದಲ್ಲಿ ದ, ಧ, ಥ ಮೂರೂ ಒಂದೇ ಆಗಿ ಕಾಣುತ್ತವೆ, ಒತ್ತಕ್ಷರಗಳು ಅಳಿಸಿಹೋಗುತ್ತವೆ. ಇಂಗ್ಲಿಷಿಗೆ ಸಾಕಾಗುವ ಅಳತೆ ಕನ್ನಡಕ್ಕೆ ಸಾಲದು. ಅಕ್ಷರದ ಎತ್ತರ ಪರದೆಯ ಎತ್ತರದ ಹದಿನೈದರಲ್ಲಿ ಒಂದು ಪಾಲಾದರೂ ಇದ್ದರೆ 360 ಗೆರೆಗಳಲ್ಲಿ ಅದಕ್ಕೆ 24 ಗೆರೆ ದೊರೆತು ಒತ್ತಕ್ಷರ ಉಳಿಯುತ್ತದೆ. 144ರಲ್ಲಿ ಹತ್ತು ಗೆರೆಯೂ ಸಿಗುವುದಿಲ್ಲ. ಹೀಗಾಗಿ ಔಷಧಿಯ ಹೆಸರು, ಪ್ರಮಾಣ, ಅರ್ಜಿಯ ಕೊನೆಯ ದಿನಾಂಕ ಮೊದಲಾದವನ್ನು ಉಪನ್ಯಾಸಕರು ಬಾಯಲ್ಲಿ ಎರಡು ಬಾರಿ ಹೇಳುವಂತೆ ಮೊದಲೇ ಕೋರಬೇಕು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಶಾಸನಗಳಂತಹ ವಿಷಯಕ್ಕೆ ಛಾಯಾಚಿತ್ರಗಳನ್ನು ಪ್ರತ್ಯೇಕ ಪಿಡಿಎಫ್ ಆಗಿ ಕೊಡುವುದೇ ಸರಿ.

ಸಂಕಲನ ಮತ್ತು ಪ್ರಕಟಣೆ

ಕಡತವು ಎಂಪಿ4, ಚಿತ್ರ ಎಚ್.264, ಧ್ವನಿ ಎಎಸಿ ಮಾದರಿಯಲ್ಲಿರಲಿ. ಎಚ್.265ರ ಕಡತ ಇನ್ನೂ ಚಿಕ್ಕದಾದರೂ ಹಳೆಯ ಕಂಪ್ಯೂಟರುಗಳಲ್ಲಿ ತೆರೆಯದೆ ಹೋಗಬಹುದು. ಮೊಬೈಲು ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ ಏರುಪೇರಾಗುವುದರಿಂದ ಸಂಕಲನದಲ್ಲಿ ತುಟಿಗೂ ಮಾತಿಗೂ ಹೊಂದಿಕೆ ತಪ್ಪುವುದುಂಟು. ಉಚಿತವಾಗಿ ದೊರೆಯುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ದರವನ್ನು ಆರಿಸಿ ಮೊದಲು ಪರಿವರ್ತಿಸಿಕೊಂಡರೆ ಈ ತೊಡಕಿಲ್ಲ. ಸ್ವಾಗತ, ಹಾರ ತುರಾಯಿಗಳ ಭಾಗವನ್ನು ತೆಗೆದು, ವಿಷಯಕ್ಕೊಂದರಂತೆ ಹತ್ತು ಹನ್ನೆರಡು ನಿಮಿಷದ ತುಣುಕುಗಳನ್ನು ಮಾಡುವುದು ಸೂಕ್ತ. ದೂರವಾಣಿ ಸಂಖ್ಯೆ ದೃಢೀಕರಿಸದ ಖಾತೆಯಿಂದ ಯೂಟ್ಯೂಬ್ 15 ನಿಮಿಷ ಮೀರಿದ ವಿಡಿಯೊ ಸ್ವೀಕರಿಸುವುದಿಲ್ಲ ಎಂಬುದೂ ಗಮನದಲ್ಲಿರಲಿ. ಪ್ರಕಟಣೆಗೆ ಉಪನ್ಯಾಸಕರ ಲಿಖಿತ ಒಪ್ಪಿಗೆ ಅವಶ್ಯ.

ಇದರ ಜೊತೆಗೆ ಧ್ವನಿಯನ್ನಷ್ಟೇ ಬೇರ್ಪಡಿಸಿ 64 ಕಿಲೋಬಿಟ್ ದರದಲ್ಲಿ ಇಟ್ಟುಕೊಂಡರೆ ಇಡೀ ಗಂಟೆಯ ಉಪನ್ಯಾಸ 29 ಎಂ.ಬಿ.ಯೊಳಗೆ ಬರುತ್ತದೆ. ಚಿಂಚೋಳಿಯ ಕುಂಚಾವರಂ ಕಡೆಯ ತಾಂಡಾಗಳಂತೆ ಕಾಡಂಚಿನಲ್ಲಿರುವ ವಸತಿಗಳಿಗೆ ವಾಟ್ಸ್ಆ್ಯಪ್ ಮೂಲಕ ತಲುಪುವುದು ಬಹುಶಃ ಇದೊಂದೇ.

ಗ್ರಾಮಸಭೆಯ ಚಿತ್ರೀಕರಣಕ್ಕೂ ಈ ಸೆಟ್ಟಿಂಗ್‌ಗಳೇ ಅನ್ವಯಿಸುತ್ತವೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ ‘ಸಭಾಸಾರ್’ ತಂತ್ರಾಂಶವು ಮುದ್ರಿತ ಧ್ವನಿಯಿಂದಲೇ ನಡಾವಳಿಯ ಕರಡನ್ನು ಸಿದ್ಧಪಡಿಸುತ್ತದೆ. ಹಿಂದಿನ ಸಾಲಿನ ಮಹಿಳೆಯ ಬೇಡಿಕೆ ಮೈಕಿಗೆ ಸಿಗದಿದ್ದರೆ ಕರಡಿನಲ್ಲೂ ಇರುವುದಿಲ್ಲ. ವ್ಯತ್ಯಾಸ ಒಂದೇ: ಉಪನ್ಯಾಸವನ್ನು ಕತ್ತರಿಸಬಹುದು, ಗ್ರಾಮಸಭೆಯನ್ನು ಕತ್ತರಿಸಬಾರದು. ಅದರ ಗಾತ್ರವನ್ನು ಮಾತ್ರ ಇಳಿಸಿ ಪ್ರಕಟಿಸಿ, ಮೂಲ ಕಡತವನ್ನು ದಿನಾಂಕ ಮತ್ತು ಗ್ರಾಮದ ಹೆಸರಿನೊಂದಿಗೆ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಕಾಯ್ದಿರಿಸತಕ್ಕದ್ದು.