ಚೆಂಡು ತೆಂಗಿನ ಸುಳಿಗೆ ಸಿಕ್ಕಿದರೆ?

ಶೆಟ್ಟಿಕೆರೆಯ ಸೀಮೆಯಲ್ಲಿ ತೆಂಗಿಲ್ಲದ ಬಯಲು ಅಪರೂಪ. ಅಂಥದೊಂದು ಬಯಲಿನಲ್ಲಿ ಕ್ರಿಕೆಟ್ ಪಂದ್ಯ ನಡೆದಿದೆಯೆಂದು ಭಾವಿಸೋಣ. ಕೊನೆಯ ಜೋಡಿ ಆಡುತ್ತಿದೆ. ಗೆಲುವಿಗೆ ಇನ್ನು ಮೂರೇ ಓಟ. ದಾಂಡಿಗನು ಎತ್ತಿ ಹೊಡೆದ ಚೆಂಡು ಮೈದಾನದೊಳಗಿನ ತೆಂಗಿನ ಮರಕ್ಕೆ ತಗುಲಿ, ನೆಲ ಮುಟ್ಟುವ ಮೊದಲೇ ಎದುರಾಳಿಯ ಕೈ ಸೇರಿತು. ಔಟೇ?

ಹೌದು, ಔಟೇ. ಆದರೆ ಟಾಸಿಗೆ ಮುನ್ನ ಅಂಪೈರುಗಳು ಆ ಮರವನ್ನು ಬೌಂಡರಿಯೆಂದು ಗೊತ್ತುಮಾಡಿದ್ದರೆ ಅದೇ ಹೊಡೆತಕ್ಕೆ ನಾಲ್ಕು ಓಟ, ಪಂದ್ಯವೂ ಗೆದ್ದಂತೆ! ಇಂಗ್ಲೆಂಡಿನ ಕ್ಯಾಂಟರ್‌ಬರಿ ಮೈದಾನದೊಳಗೆ ಲೈಮ್ ಮರವೊಂದಿತ್ತು (ನಮ್ಮ ನಿಂಬೆಗೂ ಅದಕ್ಕೂ ನಂಟಿಲ್ಲ). 2005ರ ಜನವರಿಯಲ್ಲಿ ಗಾಳಿಗೆ ಉರುಳುವವರೆಗೂ ಅದಕ್ಕೆ ತಗುಲಿದ ಚೆಂಡಿಗೆ ನಾಲ್ಕು ಓಟವೆಂಬುದೇ ಕಟ್ಟಳೆ.

ಚೆಂಡು ಸುಳಿಯಲ್ಲೇ ಸಿಕ್ಕಿಕೊಂಡರೆ ಪೇಚು ಇನ್ನೂ ದೊಡ್ಡದು. ಮರವು ಬೌಂಡರಿಯಲ್ಲದಿದ್ದರೆ ದಾಂಡಿಗರು ಓಡುತ್ತಲೇ ಇರಬಹುದು. ಹಿಂದೆ ಎದುರಾಳಿಗಳು ‘ಚೆಂಡು ಕಳೆದಿದೆ’ ಎಂದು ಕೂಗಿದರೆ ಆರು ಓಟ ದೊರೆಯುತ್ತಿತ್ತು. ಅದಕ್ಕಿಂತ ಹೆಚ್ಚು ಓಡಿದ್ದರೆ ಅಷ್ಟೂ ಅವರದೇ. 2017ರ ಅಕ್ಟೋಬರಿನಿಂದ ಆ ಆರರ ಲಾಭವಿಲ್ಲ. ಚೆಂಡು ಮರಳಿ ದೊರೆಯದೆಂದು ಮನಗಂಡ ಅಂಪೈರು ಆಟವನ್ನು ತಡೆಯುತ್ತಾನೆ. ಓಡಿ ಮುಗಿಸಿದ ಓಟಗಳು ಸಲ್ಲುತ್ತವೆ. ಮೂರನೆಯದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ದಾಟಿದ್ದರೆ ಅದೂ ಸಲ್ಲುತ್ತದೆ, ದಾಟಿರದಿದ್ದರೆ ಇಲ್ಲ. ಅವನು ತಡೆಯುವ ಮುನ್ನವೇ ಗಾಳಿ ಬೀಸಿ, ಚೆಂಡು ಉದುರಿ, ಕೆಳಗೆ ಕಾದವನ ಬೊಗಸೆಗೆ ಬಿದ್ದರೆ? ಓಡಿದ್ದೆಲ್ಲ ವ್ಯರ್ಥ, ದಾಂಡಿಗ ಔಟು, ಪಂದ್ಯವೂ ಹೋಯಿತು.

ಬೀಳದಿದ್ದರೆ ಅಷ್ಟೇ ಸವೆದ ಬೇರೊಂದು ಚೆಂಡಿನಿಂದ ಆಟ ಸಾಗುತ್ತದೆ. ಮೇಲಿನದನ್ನು ಕಾಯಿ ಕೀಳುವ ದಿನ ಇಳಿಸಿಕೊಂಡರಾಯಿತು.