ಕಚೇರಿಯ ಬಾಡಿಗೆ ಮತ್ತು ಮುಖ್ಯಸ್ಥನ ಹೊಣೆ

ಮುಂಬಯಿಯ ಫೋರ್ಟ್ ಪ್ರದೇಶದ ಹಳೆಯ ಕಟ್ಟಡಗಳಲ್ಲಿ ಮರದ ಮೆಟ್ಟಿಲುಗಳನ್ನೇರಿ ಕಚೇರಿ ಸೇರಿದ ಕನ್ನಡಿಗರು ಅನೇಕರು. ಆ ಕಚೇರಿಗಳ ಬಾಡಿಗೆ ಏಕೆ ಅಷ್ಟು ಅಲ್ಪವಾಗಿತ್ತೆಂದು ವಿಚಾರಿಸಿದವರು ಮಾತ್ರ ವಿರಳ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ವಾಸದ ಮನೆಗಳಿಗಷ್ಟೇ ಅಲ್ಲದೆ ವ್ಯಾಪಾರದ ಜಾಗಗಳಿಗೂ ಅನ್ವಯಿಸುತ್ತಿತ್ತು. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಹಳೆಯ ಕಟ್ಟಡಗಳಿಗೆ ಅಳತೆಗೋಲಾಯಿತು. ಕಾಗದದಲ್ಲಿ ಏರದ ಬಾಡಿಗೆಯ ಕೊರತೆಯನ್ನು ಪಗಡಿ ತುಂಬಿತು; ಜಾಗ ಕೈ ಬದಲಾದಾಗ ಸಲ್ಲುವ ಈ ಮೊತ್ತಕ್ಕೆ ರಸೀದಿಯನ್ನು ಕೇಳುವ ರೂಢಿಯಿರಲಿಲ್ಲ.

ಈ ವ್ಯವಸ್ಥೆಯನ್ನು ಪ್ರಶ್ನಿಸಿದ ಪ್ರಕರಣದ ಹೆಸರಿನಲ್ಲಿಯೇ ಕರಾವಳಿಯ ಊರೊಂದಿದೆ: ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರಕಾರ. 1997ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೀಗೆ ಹೆಪ್ಪುಗಟ್ಟಿದ ಬಾಡಿಗೆಯು ಕಾಲಾಂತರದಲ್ಲಿ ನ್ಯಾಯಸಮ್ಮತವಾಗಿ ಉಳಿದಿಲ್ಲವೆಂದು ಅಭಿಪ್ರಾಯಪಟ್ಟಿತು. 2000ದ ಮಾರ್ಚ್ 31ರಂದು ಜಾರಿಗೆ ಬಂದ ಹೊಸ ಕಾಯಿದೆಯು ಬ್ಯಾಂಕುಗಳನ್ನೂ ಸಾರ್ವಜನಿಕ ಉದ್ದಿಮೆಗಳನ್ನೂ ಒಂದು ಕೋಟಿ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಪಾವತಿಯಾದ ಷೇರು ಬಂಡವಾಳವುಳ್ಳ ಕಂಪನಿಗಳನ್ನೂ ರಕ್ಷಣೆಯಿಂದ ಹೊರಗಿಟ್ಟಿತು. ಕಚೇರಿಯನ್ನು ಪಿತ್ರಾರ್ಜಿತದಂತೆ ಭಾವಿಸಿದ್ದ ಸಂಸ್ಥೆಗಳು ಮಾರುಕಟ್ಟೆಯಲ್ಲಿ ಚೌಕಾಸಿಗೆ ನಿಲ್ಲಬೇಕಾಯಿತು. ಲೋವರ್ ಪರೇಲಿನ ಗಿರಣಿಗಳ ನೆಲದಲ್ಲಿಯೂ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿಯೂ ಗಾಜಿನ ಕಟ್ಟಡಗಳು ಅವುಗಳನ್ನು ಕೈಬೀಸಿ ಕರೆದವು.

ಚೌಕಾಸಿಯನ್ನು ಕಟ್ಟಡ ವಿಭಾಗಕ್ಕೆ ಒಪ್ಪಿಸಿ, ಉದ್ಘಾಟನೆಯ ರಿಬ್ಬನ್ ಕತ್ತರಿಸಲು ಮಾತ್ರ ಬರುವ ಮುಖ್ಯಸ್ಥರು ಇಂದಿಗೂ ಇದ್ದಾರೆ. ವಾಸ್ತವದಲ್ಲಿ ಕರಾರಿಗೆ ಹಾಕುವ ಸಹಿಯು ಸಾಲಪತ್ರಕ್ಕೆ ಹಾಕುವ ಸಹಿಗಿಂತ ಹಗುರವಲ್ಲ. ಬಾಡಿಗೆ ಕಟ್ಟಬೇಕಾದ ವಿಸ್ತೀರ್ಣ 10,000 ಚದರ ಅಡಿ, ಕೈಗೆ ಸಿಗುವ ಕಾರ್ಪೆಟ್ ಏರಿಯಾ 6,000 ಎಂದಿಟ್ಟುಕೊಳ್ಳೋಣ. ಅಡಿಗೆ 100 ರೂಪಾಯಿಯಂತೆ ತಿಂಗಳಿಗೆ 10 ಲಕ್ಷ. ಬಳಕೆಗೆ ಬರುವ ಅಡಿಯ ಲೆಕ್ಕದಲ್ಲಿ ಅದು ಸುಮಾರು 167 ರೂಪಾಯಿ. ಮೂರು ವರ್ಷಗಳ ಬಳಿಕ ಶೇಕಡಾ 15ರ ಏರಿಕೆ ಸೇರಿದರೆ 11.5 ಲಕ್ಷ. ಠೇವಣಿ, ನಿರ್ವಹಣಾ ವೆಚ್ಚ, ಪೀಠೋಪಕರಣಗಳು ಬೇರೆ. ಲಾಕ್-ಇನ್ ಅವಧಿ ಮುಗಿಯುವ ಮುನ್ನ ವ್ಯಾಪಾರ ಕುಗ್ಗಿದರೂ ಬಾಡಿಗೆ ಕುಗ್ಗದು. ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ನಿಯಮವು 2019ರ ಏಪ್ರಿಲ್ 1ರಿಂದ, ತನ್ನ ವ್ಯಾಪ್ತಿಯ ಕಂಪನಿಗಳ ಇಂತಹ ದೀರ್ಘ ಕರಾರುಗಳನ್ನು ಆಸ್ತಿ-ಹೊಣೆ ಪಟ್ಟಿಯೊಳಕ್ಕೆ ತಂದು ನಿಲ್ಲಿಸಿತು. ತಡವಾಗಿಯಾದರೂ ಸರಿಯಾದ ಕ್ರಮ.

ಮರುವರ್ಷವೇ ಕೋವಿಡ್ ಬಂದಿತು. ಮೇಜುಗಳು ಖಾಲಿ, ಬಿಲ್ಲುಗಳು ಯಥಾಪ್ರಕಾರ. ದೆಹಲಿಯ ಖಾನ್ ಮಾರ್ಕೆಟ್ಟಿನ ಬಾಡಿಗೆದಾರರೊಬ್ಬರು ಲಾಕ್‌ಡೌನ್ ಕಾಲದ ಬಾಡಿಗೆಯಿಂದ ವಿನಾಯಿತಿ ಕೋರಿದಾಗ, ತಾತ್ಕಾಲಿಕವಾಗಿ ಬಳಸಲಾಗದ ಮಾತ್ರಕ್ಕೆ ಬಾಡಿಗೆಯ ಹೊಣೆ ತಪ್ಪದೆಂದು ಉಚ್ಚ ನ್ಯಾಯಾಲಯವು 2020ರ ಮೇ ತಿಂಗಳಲ್ಲಿ ತೀರ್ಪಿತ್ತಿತು; ಪಾವತಿಯ ಗಡುವಿನಲ್ಲಿ ಮಾತ್ರ ಕೊಂಚ ಸಡಿಲಿಕೆ ದೊರೆಯಿತು. ಕರಾರಿನಲ್ಲಿ ಅಂತಹ ವಿಪತ್ತಿಗೆಂದು ಒಂದು ವಾಕ್ಯ ಬರೆಸಿಟ್ಟವರ ಸ್ಥಿತಿಯೇ ಬೇರೆಯಾಗಿತ್ತು.

ಇನ್ನೊಂದು ವೆಚ್ಚವು ಕರಾರಿನಲ್ಲಿಯೂ ಇಲ್ಲ, ಲೆಕ್ಕಪತ್ರದಲ್ಲಿಯೂ ಇಲ್ಲ. ಕಚೇರಿ ಫೋರ್ಟಿನಿಂದ ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಹೋದರೆ, ಡೊಂಬಿವಲಿಯ ಗುಮಾಸ್ತನು ನೇರ ರೈಲಿನ ಪ್ರಯಾಣವನ್ನು ಬಿಟ್ಟು ಕುರ್ಲಾದ ಜನಸಂದಣಿಯಲ್ಲಿ ಇಳಿದು, ಬಸ್ಸಿಗೋ ರಿಕ್ಷಾಕ್ಕೋ ಸಾಲಿನಲ್ಲಿ ನಿಲ್ಲಬೇಕು. ಹಳೆಯ ಕಟ್ಟಡದ ಕೆಳಗಿನ ಉಡುಪಿ ಹೋಟೆಲಿಗೆ ಮಧ್ಯಾಹ್ನದ ಊಟದ ಗಿರಾಕಿಗಳು ತಪ್ಪುತ್ತಾರೆ. ಜಾಗ ಆರಿಸುವ ಮುನ್ನ ಆ ಗುಮಾಸ್ತನನ್ನು ಕರೆದು, ಎಷ್ಟು ಗಂಟೆಗೆ ಮನೆ ಬಿಡುತ್ತೀರಿ ಎಂದು ಕೇಳುವ ಮುಖ್ಯಸ್ಥರೂ ಇದ್ದಾರೆ, ಸಂಖ್ಯೆಯಲ್ಲಿ ಕಡಿಮೆ.